ಪೂಜೆಗಿಟ್ಟ ಹಾರ್ಡ್ ಡಿಸ್ಕ್

ನನಗೆ ಗಾಬರಿ ಬೇಗ. ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ನೋಡಲು ಬಸ್ ಸ್ಟಾಪಿನಿಂದ ವಾಪಸು ಬಂದವಳು ನಾನು. ಬೀಗ ಹಾಕಿ ಎಳೆದು ನೋಡಿ, ಗೇಟಿನ ತನಕ ಹೋಗಿ, ಮತ್ತೆ ಬಂದು ಎಳೆದು ನೋಡುತ್ತೇನೆ. "ಈ ಬೀಗ ಯಾವತ್ತಾದ್ರೂ ಮುರಿದ್ರೆ ಕಳ್ಳ ಅಲ್ಲ, ನೀನೇ ಕಾರಣ" ಎಂದು ನನ್ನ ಗಂಡ ಹಾಸ್ಯ ಮಾಡುತ್ತಾರೆ. ಇಂಥವಳ ಮನೆಯಲ್ಲಿ ಇಷ್ಟು ವರ್ಷಗಳ ಫೋಟೋಗಳೆಲ್ಲ ಒಂದೇ ಒಂದು ಹಾರ್ಡ್ ಡಿಸ್ಕಿನಲ್ಲಿ ಬಿದ್ದಿದ್ದವು ಎಂದರೆ ಯಾರೂ ನಂಬುವುದಿಲ್ಲ. ಆದರೆ ಅದೂ ಗಾಬರಿಯಿಂದಲೇ ಆದದ್ದು.

ಮನೆಯಲ್ಲಿ ನಾವು ನಾಲ್ಕು ಜನ: ಅತ್ತೆ, ನನ್ನ ಗಂಡ, ನಾನು, ಹತ್ತನೇ ಕ್ಲಾಸಿನಲ್ಲಿ ಓದುವ ಮಗಳು. ಜಯನಗರದಲ್ಲಿ ಮಾವ ಕಟ್ಟಿಸಿದ ಮನೆ, ಮಾವ ಈಗಿಲ್ಲ. ಮಗಳನ್ನು ನಾವು ದತ್ತು ತೆಗೆದುಕೊಂಡದ್ದು. ಮನೆಗೆ ಬಂದಾಗ ಅವಳಿಗೆ ಒಂದೂವರೆ ವರ್ಷ. ಇದನ್ನು ಅವಳಿಂದ ಯಾವತ್ತೂ ಮುಚ್ಚಿಟ್ಟಿಲ್ಲ, ಮಾತು ಕಲಿಯುವಾಗಲೇ ಕಥೆಯ ಹಾಗೆ ಹೇಳಿಬಿಟ್ಟಿದ್ದೆವು. ಅವಳು ಬಂದ ದಿನದಿಂದ ಈಚೆಗೆ ಫೋಟೋಗಳಿಗೆ ಬರವಿಲ್ಲ. ಬಾಗಿಲಲ್ಲಿ ಅಳುತ್ತ ನಿಂತದ್ದು, ಅತ್ತೆಯ ಸೆರಗು ಹಿಡಿದದ್ದು, ಮೊಸರನ್ನವನ್ನು ಮೂಗಿಗೆ ಮೆತ್ತಿಕೊಂಡದ್ದು, ಎಲ್ಲ ಇವೆ. ಅದಕ್ಕಿಂತ ಹಿಂದಿನದು ಮಾತ್ರ ಒಂದೇ ಒಂದು ಫೋಟೋ. ಅವಳಿದ್ದ ಸಂಸ್ಥೆಯವರು ಆಗ ನನ್ನ ಗಂಡನ ಆಫೀಸಿನ ಇಮೇಲಿಗೆ ಕಳಿಸಿದ್ದು. ಐದಾರು ತಿಂಗಳ ಕೂಸು ಹಸಿರು ಚಾಪೆಯ ಮೇಲೆ ಅಂಗಾತ ಮಲಗಿದೆ. ತಲೆಯಲ್ಲಿ ಕೂದಲು ಕಮ್ಮಿ, ಕೆನ್ನೆಯ ಮೇಲೆ ದೃಷ್ಟಿಬೊಟ್ಟು, ಒಂದು ಕಾಲು ಮೇಲಕ್ಕೆ. ಕೋರ್ಟು, ಕಾಗದ, ಸಹಿ ಎಲ್ಲ ಆಮೇಲೆ. ನಾನು ತಾಯಿಯಾದದ್ದು ಆ ಫೋಟೋ ನೋಡಿದ ಹೊತ್ತಿಗೆ.

ನನ್ನ ಗಂಡ ಆ ಕಂಪನಿ ಬಿಟ್ಟಾಗ ಇಮೇಲೂ ಹೋಯಿತು. ಕೋರ್ಟಿನ ಫೈಲಿನಲ್ಲಿ ನಮ್ಮ ಬಳಿ ಇರುವುದು ಝೆರಾಕ್ಸಿನ ಝೆರಾಕ್ಸು. ಅದರಲ್ಲಿ ಮಗುವಿನ ಮುಖವಿರಬೇಕಾದ ಜಾಗದಲ್ಲಿ ಬರೀ ಮಸಿ. ಉಳಿದದ್ದು ಹಾರ್ಡ್ ಡಿಸ್ಕಿಗೆ ಹಾಕಿಟ್ಟಿದ್ದ ಪ್ರತಿ ಮಾತ್ರ. ಅದನ್ನು ಫೋನಿಗೆ ಇಳಿಸಿಕೊಳ್ಳಲು ನನಗೆ ಭಯ. ನಮ್ಮ ಕಡೆಯ ಫ್ಯಾಮಿಲಿ ಗ್ರೂಪಿನಲ್ಲಿ ಬೆರಳು ಜಾರಿ ಏನೇನೋ ಬಂದು ಬೀಳುತ್ತವೆ. ನನ್ನ ಸೋದರತ್ತೆಯೊಬ್ಬರು ತಮ್ಮ ಹಲ್ಲಿನ ಎಕ್ಸ್‌ರೇಯನ್ನು ಗೃಹಪ್ರವೇಶದ ಫೋಟೋಗಳ ಮಧ್ಯೆ ಹಾಕಿದ್ದರು. ಆ ಫೋಟೋ ಹಾಗೆ ಎಲ್ಲಾದರೂ ಹೋಗಿಬಿಟ್ಟರೆ? "ಇದು ಯಾವ ಆಸ್ಪತ್ರೆ?", "ಹೆತ್ತವರು ಯಾರು ಅಂತ ಗೊತ್ತಾಯ್ತಾ?" ಎಂದು ಕೇಳುವ ಬಾಯಿಗಳು ನಮ್ಮಲ್ಲಿ ಕಡಿಮೆಯೇನಿಲ್ಲ. ಅದಕ್ಕೇ ಆ ಫೋಟೋವನ್ನು ಎಲ್ಲಿಗೂ ಕಳಿಸದೆ, ಪ್ರಿಂಟೂ ಹಾಕಿಸದೆ, ಒಂದೇ ಕಡೆ ಭದ್ರವಾಗಿ ಇಟ್ಟುಕೊಂಡಿದ್ದೆ.

ದಸರಾ ರಜೆ ಶುರುವಾಗುವ ಹೊತ್ತಿಗೆ ಶಾಲೆಯ ಗ್ರೂಪಿನಲ್ಲಿ ಒಂದು ಸಂದೇಶ ಬಂತು. ಮಕ್ಕಳ ದಿನಾಚರಣೆಗೆ ಹತ್ತನೇ ಕ್ಲಾಸಿನವರದೊಂದು ಬೋರ್ಡು ಮಾಡುತ್ತಾರಂತೆ. ಪ್ರತಿಯೊಬ್ಬರೂ ಒಂದು ವರ್ಷ ತುಂಬುವ ಮೊದಲಿನ ತಮ್ಮ ಫೋಟೋ ತರಬೇಕು, ಯಾರು ಯಾವ ಕೂಸು ಎಂದು ಉಳಿದವರು ಕಂಡುಹಿಡಿಯಬೇಕು. ಉಳಿದ ಮಕ್ಕಳೆಲ್ಲ ತೊಟ್ಟಿಲ ಫೋಟೋ, ನಾಮಕರಣದ ಫೋಟೋಗಳಲ್ಲಿ ಆರಿಸಿ ಆರಿಸಿ ತರುತ್ತಾರೆ. ಇವಳಿಗೆ ಇರುವುದು ಒಂದೇ. ಸದ್ಯ, ಒಂದಾದರೂ ಇದೆಯಲ್ಲ ಎಂದುಕೊಂಡು ಬೀರುವಿನಿಂದ ಡಿಸ್ಕ್ ತೆಗೆದು ಲ್ಯಾಪ್‌ಟಾಪಿಗೆ ಸಿಕ್ಕಿಸಿದೆ.

ಡಿಸ್ಕ್ ತೆರೆಯಲು ಬಹಳ ಹೊತ್ತು ತೆಗೆದುಕೊಂಡಿತು. ಒಳಗಿಂದ ಏನೋ ತಿಕ್ಕಾಡುವ ಸದ್ದು. ಕೊನೆಗೆ ಫೋಟೋ ಕಾಣಿಸಿಕೊಂಡಾಗ ಜೀವ ಬಂದಂತಾಯಿತು. ಆದರೆ ಆ ಸದ್ದು ಕೇಳಿದ ನನ್ನ ಗಂಡ ಮುಖ ಹುಳ್ಳಗೆ ಮಾಡಿದರು. "ಇದು ಹೋಗೋ ಕಾಲಕ್ಕೆ ಬಂದಿದೆ ಕಣೇ. ಹೊಸದೊಂದು ತರ್ತೀನಿ, ಎಲ್ಲಾ ಅದಕ್ಕೆ ಕಾಪಿ ಮಾಡಿಬಿಡು" ಎಂದರು. ಅವತ್ತೇ ತಂದೂ ಕೊಟ್ಟರು.

ತಂದ ದಿನವೇ ಎಲ್ಲವನ್ನೂ ಎತ್ತಿ ಸುರಿದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ನನಗೆ ಅಕ್ಕಿಯನ್ನೇ ಆರಿಸದೆ ಡಬ್ಬಿಗೆ ತುಂಬಿ ಅಭ್ಯಾಸವಿಲ್ಲ. "ಮೊದಲು ಕಾಪಿ ಮಾಡು, ಆಮೇಲೆ ನಿಧಾನಕ್ಕೆ ಆರಿಸ್ಕೋ" ಎಂದು ಅವರು ಹೇಳಿದರೆ, "ಕಸ ಕಟ್ಕೊಂಡು ಯಾರಾದ್ರೂ ಹೊಸ ಮನೆಗೆ ಹೋಗ್ತಾರೇನ್ರೀ?" ಎಂದು ಬಾಯಿ ಮುಚ್ಚಿಸಿದೆ. ಕೂತು ನೋಡಿದರೆ ಕಸವೇ ಕಸ. ನಾದಿನಿಯ ಮದುವೆಯ ಒಂದೇ ಊಟದ ಸಾಲು ಆರು ಸಲ. ಮಾಲಿನಲ್ಲಿ ಕಾರು ನಿಲ್ಲಿಸಿದ ಜಾಗ ಮರೆಯದಿರಲೆಂದು ತೆಗೆದ ಕಂಬಗಳು. ಅತ್ತೆಯ ಮಾತ್ರೆಗಳ ಪಟ್ಟಿಗಳು, ಯಾರದೋ ಹೆಬ್ಬೆರಳು, ಕತ್ತಲು. ಅತ್ತೆಯ ಫೋನು ತುಂಬಿದಾಗಲೆಲ್ಲ ನಾನೇ ಇಳಿಸಿಟ್ಟಿದ್ದ ಶುಭೋದಯದ ಚಿತ್ರಗಳಂತೂ ಲೆಕ್ಕವಿಲ್ಲ: ಗುಲಾಬಿ, ಕಾಫಿ ಲೋಟ, ಗಣಪತಿ, ಗುಲಾಬಿಯೊಳಗೆ ಗಣಪತಿ. ಅವನ್ನು ಅಳಿಸಲು ಅತ್ತೆ ಬಿಡರು. "ದೇವರ ಪಟಾನ ಡಿಲೀಟ್ ಮಾಡ್ತಾರೇನಮ್ಮ?" ಎನ್ನುತ್ತಾರೆ. ಹಾಗಾಗಿ ಅವಕ್ಕೂ 'ಅತ್ತೆ ಫೋನ್' ಎಂದು ಒಂದು ಫೋಲ್ಡರು.

ಹೀಗೆ ಹೆಸರಿಡುತ್ತ, ವರ್ಷವಾರು ಜೋಡಿಸುತ್ತ ದಿನಗಳು ಹೋದವು. ಮಗಳ ಆ ಒಂದು ಫೋಟೋಗೆ ಬೇರೆಯೇ ಫೋಲ್ಡರು ಮಾಡಿ 'ಪುಟ್ಟಿ ಮೊದಲು' ಎಂದು ಹೆಸರಿಟ್ಟೆ. ದಿನಕ್ಕೊಮ್ಮೆ ತೆರೆದು, ಇದೆಯಲ್ಲ ಎಂದು ನೋಡಿಕೊಂಡು ಮುಚ್ಚುತ್ತಿದ್ದೆ. ಪ್ರತಿಸಲವೂ ಆ ತಿಕ್ಕಾಟದ ಸದ್ದು ಎದೆಗೆ ನಾಟುತ್ತಿತ್ತು. ಅತ್ತೆ ಪಕ್ಕದಲ್ಲಿ ಹೂಬತ್ತಿ ಹೊಸೆಯುತ್ತ ಕೂತವರು ಒಂದು ದಿನ ಕೇಳಿದರು.

"ಅದೇನಮ್ಮ, ಆ ಡಬ್ಬೀನ ಮಗೂಗಿಂತ ಹೆಚ್ಚಾಗಿ ನೋಡ್ಕೋತಿದೀಯಲ್ಲ?"

"ಎಲ್ಲಾ ಇದರಲ್ಲೇ ಇರೋದು ಅತ್ತೆ. ನಮ್ಮನೆ ಅನ್ನೋದೇ ಇದರೊಳಗಿದೆ" ಎಂದೆ. ಅವರು ಬತ್ತಿ ಹೊಸೆಯುತ್ತಲೇ ತಲೆದೂಗಿದರು.

ಆಯುಧಪೂಜೆಯ ಬೆಳಗ್ಗೆ ನನ್ನ ಆರಿಸುವ ಕೆಲಸ ಮುಗಿಯಿತು. ಹಳೆಯ ಡಿಸ್ಕು ಒಂದು ಕಡೆ, ಹೊಸದು ಒಂದು ಕಡೆ ಸಿಕ್ಕಿಸಿ, ಎಲ್ಲವನ್ನೂ ಒಟ್ಟಿಗೆ ಹಿಡಿದು ಕಾಪಿಗೆ ಹಾಕಿದೆ. ಹಸಿರು ಪಟ್ಟಿ ಆಮೆಯ ಹಾಗೆ ಹೊರಟಿತು. ಮಧ್ಯಾಹ್ನದ ತನಕ ಹಿಡಿಯುತ್ತದೆ ಎಂದು ತೋರಿಸಿತು. ಹಿಡಿಯಲಿ, ಹಬ್ಬದ ಅಡುಗೆಯೂ ಅಷ್ಟು ಹೊತ್ತು ಹಿಡಿಯುತ್ತದೆ ಎಂದುಕೊಂಡು ಎಣ್ಣೆ ಹಚ್ಚಿಕೊಂಡು ತಲೆಗೆ ಸ್ನಾನ ಮಾಡಲು ಹೋದೆ. ಎಷ್ಟೋ ದಿನಗಳ ಮೇಲೆ ಅವತ್ತು ಸ್ನಾನದ ಮನೆಯಲ್ಲಿ ನಿಶ್ಚಿಂತೆಯಿಂದ ನಿಂತಿದ್ದೆ.

ನಮ್ಮ ಮನೆಯ ಆಯುಧಪೂಜೆ ಅತ್ತೆಯ ಸಂಸ್ಥಾನ. ದುಡಿಯುವ ಸಾಮಾನು ಯಾವುದೂ ಅವತ್ತು ಪೂಜೆಯಿಂದ ತಪ್ಪಿಸಿಕೊಳ್ಳುವಂತಿಲ್ಲ. ಸ್ಕೂಟರು, ಕಾರು ಸರಿ. ಈಳಿಗೆಮಣೆ, ಕತ್ತರಿ, ಹೊಲಿಗೆ ಮೆಷಿನ್ನು ಸರಿ. ಮಿಕ್ಸಿ, ಕುಕ್ಕರು, ಇಸ್ತ್ರಿಪೆಟ್ಟಿಗೆಗೂ ಗಂಧ ಕುಂಕುಮ. ವಾಷಿಂಗ್ ಮೆಷಿನ್ನಿನ ಹಣೆಗೆ ಇಟ್ಟ ಅರಿಶಿನ ಮುಂದಿನ ದಸರಾ ತನಕ ಹೋಗುವುದಿಲ್ಲ. ಎತ್ತಬಹುದಾದದ್ದನ್ನೆಲ್ಲ ಒದ್ದೆ ಬಟ್ಟೆಯಲ್ಲಿ ಒರೆಸಿ, ದೇವರ ಮುಂದೆ ಮಣೆಯ ಮೇಲೆ ಜೋಡಿಸಿ, ಹೂವೇರಿಸಿ, ನೀರು ಅಕ್ಷತೆ ಪ್ರೋಕ್ಷಣೆ ಮಾಡುತ್ತಾರೆ. ಒಮ್ಮೆ ಪೂಜೆಗಿಟ್ಟರೆ ಮುಗಿಯಿತು, ಮಾರನೆಯ ದಿನ ವಿಜಯದಶಮಿಗೆ ಪೂಜೆ ಕದಲಿಸುವ ತನಕ ಅದನ್ನು ಮುಟ್ಟುವ ಹಾಗಿಲ್ಲ. ಆಯುಧಕ್ಕೆ ಅವತ್ತು ರಜೆ.

ತಲೆಗೆ ಟವೆಲ್ ಸುತ್ತಿಕೊಂಡು ಬಂದು ನೋಡಿದರೆ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಒಂದೇ ಬಾಯಿ ತೆರೆದು ಕೂತಿತ್ತು. ಪಕ್ಕದಲ್ಲಿ ಡಿಸ್ಕುಗಳಿಲ್ಲ, ವೈರುಗಳೂ ಇಲ್ಲ. ಪರದೆಯ ಮೇಲೆ ಕೆಂಪು ಗುರುತಿನ ಒಂದು ಸೂಚನೆ. ನಾನು ದೇವರ ಮನೆಗೆ ಓಡಿದೆ. ಮಣೆಯ ಮೇಲೆ, ಈಳಿಗೆಮಣೆಗೂ ಕತ್ತರಿಗೂ ನಡುವೆ, ಎರಡೂ ಡಿಸ್ಕುಗಳು ಅಕ್ಕಪಕ್ಕ ಕೂತಿದ್ದವು. ಹಳೆಯದರ ಮೇಲೆ ಒಂದು ದೊಡ್ಡ ಸೇವಂತಿಗೆ. ವೈರು ಸಿಕ್ಕಿಸುವ ಬಾಯಿಯ ಹತ್ತಿರ ತೇಯ್ದ ಗಂಧ ಇಳಿದಿತ್ತು. ಅತ್ತೆ ಪಂಚಪಾತ್ರೆಯಿಂದ ಉದ್ಧರಣೆ ಎತ್ತಿ ಎಲ್ಲದರ ಮೇಲೂ ನೀರು ಚಿಮುಕಿಸುತ್ತಿದ್ದರು.

"ಅತ್ತೆ! ಅದನ್ನ ಯಾಕೆ ಕಿತ್ರಿ?"

ಅವರು ಬೆಚ್ಚಿ ತಿರುಗಿದರು. "ಕಿತ್ತಿಲ್ಲಮ್ಮ, ನಿಧಾನಕ್ಕೇ ತೆಗ್ದೆ. ನಮ್ಮನೇನೇ ಅದ್ರೊಳಗಿದೆ ಅಂತ ನೀನೇ ಅಂದೆಯಲ್ಲ. ಮಿಕ್ಸಿಗೆ ಪೂಜೆ ಮಾಡಿ ಅದನ್ನ ಹ್ಯಾಗಮ್ಮ ಬಿಡೋದು?"

ನನಗೆ ಸಿಟ್ಟು ನೆತ್ತಿಗೇರಿತು. ಆದರೆ ಆ ಮುಖ ನೋಡಿ ಏನೆಂದು ಬೈಯಲಿ? ಕೈ ಚಾಚಿದೆ. ಅವರು ನನ್ನ ಕೈ ತಡೆದರು. "ಮಂಗಳಾರತಿ ಆಗಿಲ್ಲ. ನಾಳೆ ಕದಲಿಸಿದ ಮೇಲೆ ತಗೋ. ಮಧ್ಯದಲ್ಲಿ ಎತ್ತಬಾರದು, ಕೇಡು." ನನ್ನ ಗಂಡ ಬಾಗಿಲಲ್ಲಿ ಬಂದು ನಿಂತು ಕಣ್ಣಲ್ಲೇ ಬೇಡ ಎಂದರು. ನಾನು ನಾಸ್ತಿಕಳಲ್ಲ. ಅದೇ ತೊಂದರೆ. ಇನ್ನೊಂದು ದಿನವಾಗಿದ್ದರೆ ಎತ್ತಿಕೊಂಡುಬಿಡುತ್ತಿದ್ದೆನೇನೋ, ಅವತ್ತು ಆ ಫೋಟೋದ ವಿಷಯದಲ್ಲಿ ಕೇಡು ಎಂಬ ಮಾತು ಕೇಳಿದ ಮೇಲೆ ಕೈ ಮುಂದಕ್ಕೆ ಹೋಗಲಿಲ್ಲ.

ಆ ಹಬ್ಬದ ದಿನ ನಾನು ಏನು ಮಾಡಿದೆನೋ ಏನು ತಿಂದೆನೋ ಗೊತ್ತಿಲ್ಲ. ಹೊರಗೆ ರಸ್ತೆಯ ತುಂಬ ಒಡೆದ ಬೂದುಗುಂಬಳ, ಕುಂಕುಮ, ಆಟೋಗಳಿಗೆ ಬಾಳೆಕಂದು. ನಮ್ಮ ಸ್ಕೂಟರಿನ ಚಕ್ರದಡಿ ನಿಂಬೆಹಣ್ಣು ಇಟ್ಟು ಮಗಳು ನಗುತ್ತ ಹತ್ತಿಸಿದಳು. ಅವಳ ನಗು ನೋಡಿದರೆ ನನಗೆ ಅಳು. ಯಾವ ನೆಪ ಸಿಕ್ಕರೂ ದೇವರ ಮನೆಯ ಬಾಗಿಲಿಗೆ ಹೋಗಿ ಇಣುಕುತ್ತಿದ್ದೆ. ನೀರು ಎಷ್ಟು ಬಿದ್ದಿರಬಹುದು? ಗಂಧ ಒಣಗಿರಬಹುದೇ? ಸೇವಂತಿಗೆಯ ತೊಟ್ಟಿನಿಂದ ಹನಿ ಇಳಿಯುತ್ತಿದೆಯೇ? "ಏನೂ ಆಗಿರಲ್ಲ ಬಿಡೇ, ಡಬ್ಬಿ ಗಟ್ಟಿ ಇರತ್ತೆ" ಎಂದು ಗಂಡ ಸಮಾಧಾನ ಹೇಳಿದರು. ಆದರೆ ಅವರೂ ಒಂದೆರಡು ಸಲ ಅಲ್ಲಿ ಇಣುಕಿದ್ದನ್ನು ನಾನು ನೋಡಿದೆ. ಮಗಳಿಗೆ ಏನೂ ಹೇಳಲಿಲ್ಲ. ಫೋಟೋ ಎಲ್ಲಿ ಎಂದು ಅವಳು ಕೇಳಿದ್ದಕ್ಕೆ, "ಹಬ್ಬ ಮುಗೀಲಿ, ಪ್ರಿಂಟ್ ಹಾಕಿಸ್ಕೊಡ್ತೀನಿ" ಎಂದೆ.

ಮಾರನೆಯ ಬೆಳಗ್ಗೆ ಅತ್ತೆ ಎಲ್ಲ ಸಾಮಾನನ್ನೂ ಉತ್ತರದ ಕಡೆಗೆ ಒಂದಿಷ್ಟು ಸರಿಸಿ ಪೂಜೆ ಕದಲಿಸಿದರು. ನಾನು ಎರಡೂ ಡಿಸ್ಕು ಎತ್ತಿಕೊಂಡೆ. ಹತ್ತಿಯಲ್ಲಿ ಒರೆಸಿ, ಬಿಸಿಲಿಗೆ ಹಿಡಿದು, ಆಮೇಲೆ ಸಿಕ್ಕಿಸಿದೆ. ಹಳೆಯದು ಟಿಕ್ ಟಿಕ್ ಎಂದಿತು, ಸುಮ್ಮನಾಯಿತು, ಮತ್ತೆ ಟಿಕ್ ಎಂದಿತು. ಪರದೆಯ ಮೇಲೆ ಅದರ ಹೆಸರೇ ಬರಲಿಲ್ಲ. ಹೊಸದು ತೆರೆಯಿತು. ಅಕ್ಷರದ ಕ್ರಮದಲ್ಲಿ ಮೊದಲು ಹೋದದ್ದು 'ಅತ್ತೆ ಫೋನ್'. ಅದು ಪೂರ್ತಿ ಬಂದಿತ್ತು. ಆಮೇಲಿನದು ಏನೂ ಇರಲಿಲ್ಲ. ಗುಲಾಬಿಯೊಳಗಿನ ಗಣಪತಿ ನನ್ನನ್ನು ನೋಡಿ ಶುಭೋದಯ ಎಂದ. ನಾನು ಮೇಜಿನ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ.

ಹೋದ ಡಿಸ್ಕಿನಿಂದ ಫೋಟೋ ತೆಗೆದುಕೊಡುವ ಅಂಗಡಿಯೊಂದು ಜೆ.ಪಿ. ನಗರದಲ್ಲಿದೆ ಎಂದು ಗಂಡನ ಸ್ನೇಹಿತರು ಹೇಳಿದರು. ಬೇಕರಿಯೊಂದರ ಮೇಲಿನ ಮಹಡಿ. ಕೌಂಟರಿನಲ್ಲಿದ್ದ ಹುಡುಗಿ ಡಿಸ್ಕನ್ನು ತಿರುಗಿಸಿ ನೋಡಿ, "ಏನಾಯ್ತು ಮೇಡಂ? ನೀರು ಬಿತ್ತಾ?" ಎಂದಳು. ನಾನು ನಾಚಿಕೆಯಿಂದ ಗಂಡನ ಕಡೆ ನೋಡಿದೆ. ಗಂಡ ಗಂಟಲು ಸರಿಮಾಡಿಕೊಂಡು, "ಅದು... ಪೂಜೆ ಮಾಡಿದ್ವಿ" ಎಂದರು. ಅವಳು ನಗಲಿಲ್ಲ.

"ಈ ವಾರ ಇಂಥವು ಬರ್ತಾನೇ ಇವೆ ಸಾರ್. ಗಂಧ, ಕುಂಕುಮ ಏನಿದ್ರೂ ಕ್ಲೀನ್ ಮಾಡ್ಬೋದು. ಓಡ್ತಿರೋವಾಗ ಎಳೆದಿದೀರಲ್ಲ, ಅದೇ ಪ್ರಾಬ್ಲಮ್. ಮೊದ್ಲೇ ವೀಕ್ ಇತ್ತು ಅನ್ಸತ್ತೆ. ಟ್ರೈ ಮಾಡ್ತೀವಿ, ಗ್ಯಾರಂಟಿ ಇಲ್ಲ."

"ಒಂದೇ ಒಂದು ಫೋಟೋ ಸಾಕು ನಂಗೆ. ಬೇರೆ ಎಲ್ಲಾ ಹೋಗ್ಲಿ" ಎಂದೆ. ಫೋಲ್ಡರಿನ ಹೆಸರು ಹೇಳಿದೆ. ಅವಳು ಪಾಪ ಅನ್ನುವ ಹಾಗೆ ನೋಡಿ, "ಹಾಗೆ ಒಂದನ್ನೇ ಹುಡುಕಿ ತೆಗೆಯೋಕಾಗಲ್ಲ ಮೇಡಂ. ಏನು ಬರತ್ತೋ ಅದು" ಎಂದಳು.

ಆ ಕಾಯುವ ದಿನಗಳು ಬಹಳ ಕೆಟ್ಟವು. ಗುರುತಿಲ್ಲದ ನಂಬರಿನಿಂದ ಫೋನು ಬಂದರೆ ಒದ್ದೆ ಕೈಯಲ್ಲೇ ಓಡುತ್ತಿದ್ದೆ. ಆ ಕಡೆಯಿಂದ ಯಾರೋ ಸೈಟು ಮಾರುವವರು, ಕ್ರೆಡಿಟ್ ಕಾರ್ಡಿನವರು. ಶಾಲೆ ಶುರುವಾಯಿತು. ಫೋಟೋ ಕೊಡಲು ಕೊನೆಯ ದಿನ ಯಾವುದೆಂದು ಟೀಚರು ಮತ್ತೆ ಸಂದೇಶ ಹಾಕಿದರು. ಗ್ರೂಪಿನಲ್ಲಿ ಉಳಿದ ತಾಯಂದಿರು ಆಗಲೇ ಫೋಟೋ ಹಾಕಲು ತೊಡಗಿದ್ದರು: ಬೆಳ್ಳಿಯ ಉಡಿದಾರ ಕಟ್ಟಿದ ಕೂಸುಗಳು, ತೊಟ್ಟಿಲಲ್ಲಿ ಕೃಷ್ಣನ ವೇಷದ ಕೂಸುಗಳು. ಒಂದೊಂದು ನೋಡಿದಾಗಲೂ ಎದೆ ಸುಡುತ್ತಿತ್ತು. ನಾನು ಹೆರದಿದ್ದಕ್ಕೆ ನನಗೆ ಯಾವತ್ತೂ ಅಷ್ಟು ದುಃಖವಾಗಿರಲಿಲ್ಲ. ಆದರೆ ನಮ್ಮ ಮನೆಗೆ ಬರುವ ಮೊದಲೂ ಇವಳಿದ್ದಳು, ಯಾವುದೋ ಚಾಪೆಯ ಮೇಲೆ ಕಾಲಾಡಿಸುತ್ತಿದ್ದಳು ಎನ್ನುವುದಕ್ಕೆ ಇದ್ದ ಒಂದೇ ಸಾಕ್ಷಿ ನನ್ನ ಕೈಯಲ್ಲಿತ್ತು. ಅದನ್ನು ಕಾಯುವುದಷ್ಟೇ ನನ್ನ ಕೆಲಸವಾಗಿತ್ತು, ಅದೂ ಆಗಲಿಲ್ಲ.

ಅತ್ತೆ ದಿನಾ ಕೇಳುತ್ತಿದ್ದರು. "ಫೋನ್ ಬಂತಾಮ್ಮ?" ಇಲ್ಲ ಎಂದರೆ ದೇವರ ಮನೆಗೆ ಹೋಗಿ ಕೂತುಬಿಡುತ್ತಿದ್ದರು. ಒಂದು ದಿನ ಹೊರಗೆ ಬಂದು, "ನನ್ನಿಂದ ಆಯ್ತು, ಅಲ್ವಾ?" ಎಂದರು. ನಾನು ಇಲ್ಲ ಎನ್ನಬೇಕಿತ್ತು. "ಕಾಫಿ ಆರ್ತಿದೆ, ಕುಡೀರಿ ಅತ್ತೆ" ಎಂದು ಲೋಟ ಮುಂದಿಟ್ಟೆ.

ಇದ್ದ ಇನ್ನೊಂದು ದಾರಿಯನ್ನೂ ನೋಡಿದೆ. ಮಗಳಿದ್ದ ಆ ಸಂಸ್ಥೆ ಆಗ ವಿಲ್ಸನ್ ಗಾರ್ಡನ್ ಕಡೆ ಒಂದು ಹಳೆಯ ಕಟ್ಟಡದಲ್ಲಿತ್ತು, ಈಗ ಬೇರೆಲ್ಲೋ ಹೋಗಿದೆ. ನಂಬರು ಹುಡುಕಿ ಫೋನು ಮಾಡಿದೆ. ಮಾತಾಡಿದ ಹೆಂಗಸು ಒಳ್ಳೆಯವರು. "ಆಗಿನ ಕಂಪ್ಯೂಟರೇ ಇಲ್ಲ ಮೇಡಂ. ಆಗ ಇದ್ದೋರೂ ಯಾರೂ ಈಗಿಲ್ಲ. ಮಗು ಚೆನ್ನಾಗಿದಾಳಲ್ಲ? ಅಷ್ಟು ಸಾಕಲ್ವಾ?" ಎಂದರು. ಹೌದು ಎಂದು ಫೋನಿಟ್ಟೆ. ಸಾಕಾಗಿರಲಿಲ್ಲ.

ಕೊನೆಗೆ ಅಂಗಡಿಯಿಂದ ಕರೆ ಬಂತು. ಒಂದಷ್ಟು ಬಂದಿದೆ, ತಗೊಂಡು ಹೋಗಿ ಎಂದರು. ಮನೆಗೆ ತಂದು ತೆರೆದರೆ ನಾನಿಟ್ಟ ಹೆಸರುಗಳು ಒಂದೂ ಇಲ್ಲ. ಬರೀ ನಂಬರುಗಳ ಸಾಲು. ನಾನು ಬೇಕೆಂದೇ ಅಳಿಸಿದ್ದ ಪಾರ್ಕಿಂಗಿನ ಕಂಬಗಳೂ ಎದ್ದು ಬಂದಿದ್ದವು. ಗಂಡ, ನಾನು ಸರದಿಯಲ್ಲಿ ಕೂತು ಒಂದೊಂದೇ ನೋಡಿದೆವು. ಮದುವೆಗಳು ಬಂದಿದ್ದವು, ಮೇಲುಕೋಟೆ ಬಂದಿತ್ತು, ಮಗಳು ಬಾಗಿಲಲ್ಲಿ ಅಳುತ್ತ ನಿಂತದ್ದು, ಮೊಸರನ್ನ ಮೆತ್ತಿಕೊಂಡದ್ದೂ ಬಂದಿದ್ದವು. ಬಹಳಷ್ಟು ಅರ್ಧಂಬರ್ಧ: ಮೇಲೆ ಮುಖ, ಕೆಳಗೆ ಬೂದು ಬಣ್ಣ. ಎರಡನೆಯ ದಿನ ಒಂದು ಫೋಟೋದಲ್ಲಿ ನನ್ನ ಕೈ ನಿಂತಿತು. ಮೇಲಿನ ಒಂದು ಬೆರಳಗಲದಲ್ಲಿ ಹಸಿರು ಚಾಪೆಯ ಅಂಚು. ಅದರ ಕೆಳಗೆ ಪೂರ್ತಿ ಬೂದು.

"ಇದೇ ಅಲ್ವೇನ್ರೀ?" ಎಂದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದರು. "ಹೌದು" ಎಂದರು. ಮುಚ್ಚಿ ತೆರೆದೆವು. ಬೇರೆ ಲ್ಯಾಪ್‌ಟಾಪಿನಲ್ಲಿ ಹಾಕಿ ನೋಡಿದೆವು. ಬೂದು ಬೂದಾಗಿಯೇ ಇತ್ತು.

ಇನ್ನು ಹೇಳದೆ ದಾರಿಯಿರಲಿಲ್ಲ. ಮಾರನೆಯ ದಿನ ಮಗಳು ಶಾಲೆಯಿಂದ ಬಂದು ಅಡುಗೆಮನೆಯ ಕಟ್ಟೆಯ ಮೇಲೆ ಕೂತು ಒಗ್ಗರಣೆ ಅವಲಕ್ಕಿ ತಿನ್ನುತ್ತಿದ್ದಳು. ಅತ್ತೆ ದೇವಸ್ಥಾನಕ್ಕೆ ಹೋಗಿದ್ದರು. ನಾನು ಪಾತ್ರೆ ತೊಳೆಯುತ್ತ, ಅವಳ ಮುಖ ನೋಡದೆ, ಡಿಸ್ಕು ಹೋದದ್ದನ್ನು, ಅಂಗಡಿಗೆ ಕೊಟ್ಟದ್ದನ್ನು, ಅವಳ ಚಿಕ್ಕಂದಿನ ಫೋಟೋ ಬಾರದೇ ಹೋದದ್ದನ್ನು ಹೇಳಿದೆ. ಹೇಳುತ್ತ ಹೇಳುತ್ತ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದೆ. "ಕ್ಷಮಿಸು ಪುಟ್ಟಿ. ನಿಂದು ಅಂತ ಇದ್ದದ್ದು ಅದೊಂದೇ, ಅದನ್ನೂ ನನ್ನಿಂದ ಉಳಿಸ್ಕೊಳ್ಳೋಕಾಗ್ಲಿಲ್ಲ" ಎಂದೆ.

"ಅದಕ್ಕಾ ಇಷ್ಟು ದಿನ ಮನೇಲೆಲ್ಲಾ ಮುಖ ಊದಿಸ್ಕೊಂಡು ಓಡಾಡ್ತಿದ್ದಿದ್ದು? ಅಜ್ಜಿಗೆ ಏನೋ ದೊಡ್ಡ ಕಾಯಿಲೆ ಅಂದ್ಕೊಂಡಿದ್ದೆ ನಾನು" ಎಂದಳು. "ಸ್ಕೂಲಿಗೆ ನಾನು ಮನೆಗೆ ಬಂದ ದಿನದ್ದು ಕೊಡ್ತೀನಿ ಬಿಡು. ಬಾಗಿಲಲ್ಲಿ ಅಳ್ತಿದೀನಲ್ಲ, ಅದು. ಅದಕ್ಕಿಂತ ಹಿಂದಿಂದು ಇಲ್ಲ ಅಂತ ಮಿಸ್‌ಗೆ ಹೇಳ್ತೀನಿ."

ಅಷ್ಟು ಸಲೀಸಾಗಿ ಹೇಳಿದ್ದು ಕೇಳಿ ನನಗೆ ಅಳು ಬಂತು. ಅವಳು ತಟ್ಟೆ ಕೆಳಗಿಟ್ಟಳು. ಆಮೇಲೆ ಕಟ್ಟೆಯಿಂದ ಇಳಿದಳು.

"ಅಮ್ಮ, ಆ ಫೋಟೋ ನನ್ನ ಹತ್ರ ಇದೆ."

ನಾನು ನಲ್ಲಿ ನಿಲ್ಲಿಸಿದೆ.

"ಪೂರ್ತಿ ಇಲ್ಲ," ಎಂದಳು ತಕ್ಷಣ. "ಎಂಟನೇ ಕ್ಲಾಸಲ್ಲಿ ಪ್ರಾಜೆಕ್ಟಿಗೆ ಅಂತ ಲ್ಯಾಪ್‌ಟಾಪ್ ಡಿಸ್ಕು ಸಮೇತ ಕೊಟ್ಟಿದ್ಯಲ್ಲ, ಆಗ ಫೋನಲ್ಲಿ ಫೋಟೋ ತಗೊಂಡಿದ್ದು. ಸ್ಕ್ರೀನಿಂದ."

ಸೊಂಟಕ್ಕೆ ಕೈ ಒರೆಸಿಕೊಂಡು ಅವಳ ಫೋನು ಇಸಿದುಕೊಂಡೆ. ಅಡ್ಡಡ್ಡ ಗೆರೆ ಬಿದ್ದ, ಮಸುಕಾದ ಚಿತ್ರ. ಮೊದಲು ಏನೆಂದೇ ತಿಳಿಯಲಿಲ್ಲ. ಮುಖ ಹುಡುಕಿದೆ, ದೃಷ್ಟಿಬೊಟ್ಟು ಹುಡುಕಿದೆ, ಮೇಲೆತ್ತಿದ ಕಾಲು ಹುಡುಕಿದೆ. ಯಾವುದೂ ಇರಲಿಲ್ಲ. ಇದ್ದದ್ದು ಹಸಿರು ಚಾಪೆಯ ಒಂದು ಮೂಲೆ, ಅದರ ಮೇಲೆ ಒಂದು ಹೆಂಗಸಿನ ಕೈ. ಗಾಳಿಗೆ ಚಾಪೆ ಮಡಚದಿರಲೆಂದು ಒತ್ತಿ ಹಿಡಿದ ಹಾಗೆ. ತೆಳ್ಳಗಿನ ಮಣಿಕಟ್ಟು, ಕೆಂಪು ಗಾಜಿನ ಬಳೆಗಳು, ಒಂದು ಬಳೆಗೆ ಸಿಕ್ಕಿಸಿದ ಪಿನ್ನು.

ಎಷ್ಟು ವರ್ಷ ನೋಡಿದ್ದೇನೆ ಆ ಫೋಟೋವನ್ನು! ಅದರಲ್ಲೊಂದು ಕೈ ಇದ್ದದ್ದು ನನಗೆ ಗೊತ್ತೇ ಇರಲಿಲ್ಲ. ನಾನು ಮಗುವಿನ ಮುಖ ಬಿಟ್ಟು ಬೇರೇನನ್ನೂ ನೋಡಿರಲಿಲ್ಲ. ಇವಳು ಕೈಯನ್ನಷ್ಟೇ ದೊಡ್ಡದು ಮಾಡಿ, ಪರದೆ ತುಂಬಿಸಿ, ಅದನ್ನಷ್ಟೇ ತೆಗೆದುಕೊಂಡಿದ್ದಳು.

"ನಿನ್ನ ಮುಖ ಯಾಕೆ ತಗೊಳ್ಲಿಲ್ಲ?" ಎಂದು ಕೇಳಿದೆ.

"ಮುಖ ನಂದೇ ಅಲ್ವಾ, ಕನ್ನಡೀಲಿ ದಿನಾ ನೋಡ್ತೀನಿ." ಅವಳು ಫೋನಿನ ಮೇಲೆ ಬಗ್ಗಿದಳು. "ಯಾರ ಕೈ ಅಮ್ಮ ಇದು?"

"ಗೊತ್ತಿಲ್ಲ ಪುಟ್ಟಿ. ಅಲ್ಲಿನ ಆಯಾ ಯಾರಾದ್ರೂ ಇರ್ಬೇಕು."

"ನಂಗೂ ಹಾಗೇ ಅನ್ಸತ್ತೆ. ಆಯಾನೇ ಇರ್ಬೇಕು." ಚಿತ್ರವನ್ನು ಬೆರಳಲ್ಲಿ ಇನ್ನಷ್ಟು ದೊಡ್ಡದು ಮಾಡಿದಳು. "ಆದ್ರೆ ಅಲ್ದೇನೂ ಇರ್ಬೋದಲ್ವಾ?"

ಇಷ್ಟು ದಿನ ನಾನು ಹೆದರಿದ್ದು ಯಾವುದಕ್ಕೆ, ಇವಳು ಒಬ್ಬಳೇ ಕೂತು ನೋಡುತ್ತಿದ್ದದ್ದು ಯಾವುದನ್ನು! ಎರಡು ವರ್ಷ ನನ್ನ ಪಕ್ಕದಲ್ಲೇ ಮಲಗಿ, ನನ್ನ ಕೈಯಲ್ಲೇ ಜಡೆ ಹಾಕಿಸಿಕೊಂಡು, ಈ ಕೈಯನ್ನು ಅವಳು ಜೊತೆಗಿಟ್ಟುಕೊಂಡು ಓಡಾಡಿದ್ದಾಳೆ. ಅಲ್ಲ, ಅದು ಆಯಾ, ಖಂಡಿತ ಆಯಾ ಎಂದು ಹೇಳಿಬಿಡಲು ನಾಲಿಗೆ ತುದಿಗೆ ಬಂದಿತ್ತು. ಹೇಳಲಿಲ್ಲ. ನನಗೆ ಗೊತ್ತಿರಲಿಲ್ಲ.

"ಇರ್ಬೋದು" ಎಂದೆ.

ಅವಳು ಫೋನು ತೆಗೆದುಕೊಂಡು ಪರದೆಯನ್ನು ಯೂನಿಫಾರ್ಮಿಗೆ ಒರೆಸಿದಳು. ನನ್ನ ಒದ್ದೆ ಬೆರಳು ಅದರ ಮೇಲೆ ಮೂಡಿತ್ತು.

"ಇದೂ ಹೋಗ್ಬಿಟ್ರೆ?" ಎಂದೆ. "ನಂಗೆ ಕಳಿಸು. ಇದನ್ನೂ ಒಂದೇ ಕಡೆ ಇಟ್ಕೋಬೇಡ."

"ನಿಂಗೆ ಬೇಜಾರಾಗಲ್ವಾ ಅಮ್ಮ?"

"ಆಗತ್ತೆ," ಎಂದೆ. "ಕಳಿಸು."